ಎಡನಳಿಗೆಯ ಉಡಿ

ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ಮೌನೇಶಪ್ಪ ಕಾಕಾ ಬಂದೂಕನ್ನು ಪೂಜೆಯ ಮಣೆಯ ಮೇಲೆ ನಿಲ್ಲಿಸಿ, ಗೋಡೆಗೆ ಆನಿಸಿ, ಚಹಾಕ್ಕೆಂದು ಪಡಸಾಲೆಗೆ ಬಂದರು. ಪುರ್ತಗೇರಿಯ ಗೌಡರ ಮನೆಯ ಗೋಡೆ ಗಡಿಯಾರ ಅವರ ತಲೆಯ ಮೇಲೇ ಇತ್ತು, ಹಾಗಾಗಿ ಹೊತ್ತು ನೆನಪಿದೆ. ಕೆಡಲು ಶುರುವಾದದ್ದು ಆಗ. ಸಿಡಿದದ್ದು ಆಮೇಲೆ, ಹೊಲಕ್ಕೆ ಹೋದ ಮೇಲೆ. ಸಿಡಿದ ಹೊತ್ತು ಎಷ್ಟು ಎಂದು ಕೇಳಿದರೆ ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ.

ಅಂದು ಖಂಡೆಪೂಜೆ. ಮಹಾನವಮಿಯ ದಿನ ನಮ್ಮ ಕಡೆ ಇರುವ ಆಯುಧಗಳನ್ನೆಲ್ಲ ತೊಳೆದು ಪೂಜೆಗಿಡುತ್ತಾರೆ. ಗೌಡರ ಮನೆಯಲ್ಲಿ ಕುಡಗೋಲು, ಕೊಡಲಿ, ಟ್ರ್ಯಾಕ್ಟರಿನ ಪಾನಾಗಳ ನಡುವೆ ಅವರ ಅಜ್ಜನ ಕಾಲದ ಜೋಡುನಳಿಗೆ ಬಂದೂಕು ನಿಂತಿತ್ತು. ಒಂದು ವರ್ಷದ ಮೇಲೆ ಅದು ರೋಣದ ನಮ್ಮ ದುರಸ್ತಿ ಅಂಗಡಿಯಲ್ಲಿ ಬಿದ್ದಿತ್ತು. ಬಿಡಿಭಾಗ ಹುಡುಕಿ ಅದನ್ನು ಮತ್ತೆ ಬಾಯಿಬಿಡುವ ಹಾಗೆ ಮಾಡಿದವರು ಮೌನೇಶಪ್ಪ ಕಾಕಾ. ಅಂಗಡಿಯ ಲೈಸನ್ಸು ಅವರ ಹೆಸರಿನಲ್ಲಿತ್ತು. ನಾನು ಅವರ ಕೈಕೆಳಗಿನವಳು. ರಕ್ತಸಂಬಂಧವಿಲ್ಲದಿದ್ದರೂ ಬಂದ ಮೊದಲ ದಿನದಿಂದ ಕಾಕಾ ಎಂದೇ ಕರೆದೆ.

ಮಣೆಯ ಮೇಲಿಡುವ ಮೊದಲು ಅವರು ಬಂದೂಕನ್ನು ಮುರಿದು, ಅಂದರೆ ನಡುವೆ ಮಡಚಿ ತೆರೆದು, ಎರಡೂ ನಳಿಗೆಗಳೊಳಗಿಂದ ಬೆಳಕು ನೋಡಿದರು. ಗೌಡರಿಗೂ ತೋರಿಸಿದರು. ಆಮೇಲೆ ಚಹಾ ಬಂತು, ಅವಲಕ್ಕಿ ಬಂತು. ಬಟ್ಟಲು ಕೆಳಗಿಡುವಷ್ಟರಲ್ಲಿ ಸಂಗನಗೌಡರು ಅವಸರ ಮಾಡಿದರು.

"ಮಿಸ್ತ್ರಿ, ಲಗೂ ನಡೀರಿ. ರಾಹುಕಾಲ ಹತ್ರ ಬಂತು. ಬಾರು ಹೊಡದ ಮ್ಯಾಲೇ ಊಟಕ್ಕ ಎಲಿ ಹಾಕೂದು."

"ಗೌಡ್ರ, ಬಂದೂಕಿಗೆ ರಾಹುಕಾಲ ತಿಳೀದಿಲ್ರಿ," ಎಂದರು ಕಾಕಾ. ಆದರೂ ಎದ್ದರು. ಹಸಿದ ಮನೆಯವರನ್ನು ಕಾಯಿಸುವುದು ಅವರಿಗೆ ಬರುತ್ತಿರಲಿಲ್ಲ.

ಮನೆಯ ಹಿಂದಿನ ಹೊಲದಲ್ಲಿ ಎತ್ತರದ ಒಡ್ಡು ಇದೆ. ಅದರಾಚೆ ಗಜೇಂದ್ರಗಡದ ಗುಡ್ಡ, ಗುಡ್ಡದ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳು. ಒಡ್ಡಿಗೆ ಮುಖಮಾಡಿ ನಿಂತು ಕಾಕಾ ಹಿಮ್ಮಡಿಯಿಂದ ಕರಿಮಣ್ಣಿನಲ್ಲಿ ಒಂದು ಗೆರೆ ಎಳೆದರು. "ಗೌಡ್ರ, ನೀವೂ ಇದರ ಈಚೀಗೆ ಬರಬ್ಯಾಡ್ರಿ. ದುರಸ್ತಿ ಮಾಡಿದ ಬಂದೂಕನ್ನ ಹೆಗಲಿಗೆ ಹಚ್ಚಿ ಹೊಡಿಯೂ ಮೊದಲನೇ ಬಾರು ಮಿಸ್ತ್ರೀದು." ಗೆರೆ ಬಹಳ ದೂರವಿತ್ತು. ಜನ ನಕ್ಕರು. ಯಾರೋ, "ಮಿಸ್ತ್ರಿ, ಇನ್ನೂ ಹಿಂದಕ ಹೋದ್ರ ನಾವು ರೋಣಕ್ಕ ಮುಟ್ತೀವಿ" ಅಂದರು. ಗೆರೆಯೊಳಗೆ ಕಾಕಾನ ಬಲಹಿಂಬದಿಗೆ ತೋಟಾಗಳ ಚೀಲ ಹಿಡಿದು ನಾನೊಬ್ಬಳೇ ನಿಂತಿದ್ದೆ.

ಬಲನಳಿಗೆ ಮೊದಲು ಹಾರಿತು. ಚೆನ್ನಾದ, ದುಂಡಗಿನ ಸದ್ದು. ಒಡ್ಡಿನಿಂದ ಧೂಳೆದ್ದಿತು, ಹಿಂದೆ ಜನ ಹೋ ಎಂದರು. ಕಾಕಾ ನನ್ನ ಕಡೆ ಅರ್ಧ ತಿರುಗಿ ಹುಬ್ಬು ಹಾರಿಸಿದರು. ಅವರು ತಮ್ಮ ಕೆಲಸದ ಬಗ್ಗೆ ಹೆಮ್ಮೆ ತೋರಿಸುವುದು ಅಷ್ಟೇ. ಮತ್ತೆ ಮುಂದೆ ತಿರುಗಿ ಎಡನಳಿಗೆಯ ಟ್ರಿಗರ್ ಎಳೆದರು.

ಆ ಸದ್ದು ಬಂದೂಕಿನದಾಗಿರಲಿಲ್ಲ. ತಗಡಿನ ಮನೆ ಒಮ್ಮೆಲೇ ಹರಿದಂತಿತ್ತು. ನಾನು ನೆಲದ ಮೇಲೆ ಕೂತಿದ್ದೆ, ಕೂತದ್ದು ನೆನಪಿಲ್ಲ. ಕಾಕಾ ನಿಂತೇ ಇದ್ದರು, ಎಡಗೈಯನ್ನು ಮುಖದ ಮುಂದೆ ಹಿಡಿದು, ಯಾರದೋ ಕೈ ನೋಡುವ ಹಾಗೆ ನೋಡುತ್ತಿದ್ದರು. ಬಾರೂದಿನ ಹೊಗೆಯಲ್ಲಿ ಇನ್ನೊಂದು ವಾಸನೆ ಇತ್ತು. ಸುಟ್ಟ ಕೊಬ್ಬರಿ. ಬಂದೂಕಿನಲ್ಲಿ ಕೊಬ್ಬರಿ ವಾಸನೆ ಯಾಕೆ ಬರುತ್ತದೆ ಎಂದು ಯೋಚಿಸುತ್ತ ಕೂತಿದ್ದೆ. ಭಯದಲ್ಲಿ ಬುದ್ಧಿ ಹೀಗೆ ಸಣ್ಣದೊಂದನ್ನು ಹಿಡಿದುಕೊಂಡು ಕೂತುಬಿಡುತ್ತದೆ.

ಹೋದ ವರ್ಷ ಕೆಲಸ ಬಿಟ್ಟೆ. ನನ್ನ ಬೆಂಚಿನ ಮೇಲೆ ಈಗ ಹೊಸಬರು ಕೂತಿದ್ದಾರೆ. "ಮೇಡಂ, ಏನಾದರೂ ಬರೆದುಕೊಡಿ" ಎಂದು ಕೇಳಿದವರು ಅವರೇ. ಎಷ್ಟು ಬಂದೂಕು ದುರಸ್ತಿ ಮಾಡಿದೆ, ಯಾವ ಸಾಹೇಬರು ಹೊಗಳಿದರು ಎಂಬುದರಿಂದ ಅವರಿಗೆ ಉಪಯೋಗವಿಲ್ಲ. ಈ ಒಂದು ಬಂದೂಕಿನ ಕಥೆಯಲ್ಲಿ ಕೆಲಸವೆಲ್ಲ ಇದೆ. ಹಾಗಾಗಿ ಸ್ವಲ್ಪ ಹಿಂದೆ ಹೋಗುತ್ತೇನೆ.

ನಾನು ಗಜೇಂದ್ರಗಡದ ನೇಕಾರರ ಮನೆಯವಳು. ಅಪ್ಪ ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ಗದಗದಲ್ಲಿ ಬಿ.ಎಸ್ಸಿ. ಮುಗಿಸಿ, ಕೆಲಸ ಸಿಗದೆ, ರೋಣದ ಈ ಅಂಗಡಿಗೆ ಬಂದದ್ದು ಇಂಗ್ಲಿಷಿನಲ್ಲಿ ಪತ್ರ ಬರೆಯಲು. ಹಳೆಯ ವಿಲಾಯತಿ ಬಂದೂಕುಗಳಿಗೆ ಸ್ಪ್ರಿಂಗು, ಮೊಳೆ, ಕುದುರೆ ಬೇಕಾದರೆ ಆಗ ದೂರದೂರದ ವ್ಯಾಪಾರಿಗಳಿಗೆ ಪತ್ರ ಬರೆದು ತಿಂಗಳುಗಟ್ಟಲೆ ಕಾಯಬೇಕಿತ್ತು. ಕಾಯುವ ಹೊತ್ತಿನಲ್ಲಿ ಸುಮ್ಮನೆ ಕೂತಿರಲಾರದೆ ಅರ ಹಿಡಿದೆ. ಕಾಕಾ ಬೇಡ ಅನ್ನಲಿಲ್ಲ. "ಬೀಯೆಸ್ಸಿ ಅವ್ವಾರ, ಅರ ಜಗ್ಗಬ್ಯಾಡ್ರಿ, ದೂಡ್ರಿ. ಜಗ್ಗಾಕ ಅದೇನು ರಾಟಿ ನೂಲಲ್ಲ" ಎಂದು ದಿನಕ್ಕೊಮ್ಮೆ ಕಾಡುತ್ತಿದ್ದರು. ಸಿಟ್ಟು ಬಂದಾಗ ಅವರು ಬೈಯುತ್ತಿರಲಿಲ್ಲ. ಕೈಯಲ್ಲಿದ್ದುದನ್ನು ಕೆಳಗಿಟ್ಟು ಹೊರಗೆ ಹೋಗಿ, ಬಸ್ಸುಗಳನ್ನು ನೋಡಿ ಬರುತ್ತಿದ್ದರು. ಅವರು ಬಸ್ಸು ನೋಡಲು ಹೋದರೆಂದರೆ ನನಗೆ ಬೈಗುಳಕ್ಕಿಂತ ಹೆಚ್ಚು ನಾಚಿಕೆಯಾಗುತ್ತಿತ್ತು.

ನಮ್ಮಲ್ಲಿಗೆ ಬರುತ್ತಿದ್ದವು ಬಹುತೇಕ ಬೆಳೆ ಕಾಯುವ ಲೈಸನ್ಸಿನ ಬಂದೂಕುಗಳು. ಕಡಲೆಗೆ ಹಂದಿ ಇಳಿದಾಗ, ಜೋಳಕ್ಕೆ ಹಕ್ಕಿ ಕೂತಾಗ ಸದ್ದು ಮಾಡಲು. ಇವುಗಳ ಹೆಸರು ಅಳಿಸಿ ಹೋಗಿರುತ್ತದೆ, ಮಾಡಿದ ಕಾರ್ಖಾನೆ ಮುಚ್ಚಿರುತ್ತದೆ. ಒಂದರ ಭಾಗ ಇನ್ನೊಂದಕ್ಕೆ ಕೂಡುವುದಿಲ್ಲ, ಯಾಕೆಂದರೆ ಪ್ರತಿಯೊಂದನ್ನೂ ಯಾರೋ ಕೈಯಿಂದಲೇ ಮಾಡಿದ್ದಾರೆ. ಹೊಸಬರು ಈಗ ಮೊಬೈಲಿನಲ್ಲಿ ಚಿತ್ರ ಕಳಿಸಿ, ಮಿಲಿಮೀಟರು ಹೇಳಿ, ಭಾಗ ತರಿಸುತ್ತಾರೆ. ತರಿಸಲಿ. ಆದರೆ ಬಂದ ಭಾಗ ಕೂಡುವುದು ಮಸಿಯಿಂದಲೇ. ದೀಪದ ಮಸಿ ಹಿಡಿದು ಕೂಡಿಸುವುದು, ತೆಗೆಯುವುದು, ಮಸಿ ಒರೆಸಿಹೋದ ಜಾಗ ಮಾತ್ರ ಅರದಿಂದ ಉಜ್ಜುವುದು, ಮತ್ತೆ ಮಸಿ ಹಿಡಿಯುವುದು. ಇದರಲ್ಲಿ ಅವಸರ ಮಾಡಿದವರ ಕೈಯಲ್ಲಿ ಭಾಗ ಸಡಿಲಾಗಿ, ಹುಡುಕಾಟ ಮೊದಲಿನಿಂದ ಶುರುವಾಗುತ್ತದೆ.

ಗೌಡರ ಬಂದೂಕಿಗೆ ಎಡಗಡೆಯ ಕುದುರೆ ಇರಲಿಲ್ಲ. ತೋಟಾದ ಹಿಂಭಾಗಕ್ಕೆ ಬಡಿಯುವ, ಕುದುರೆಯ ಕತ್ತಿನಂತೆ ಬಾಗಿದ ಸುತ್ತಿಗೆಗೆ ನಮ್ಮಲ್ಲಿ ಕುದುರೆ ಎನ್ನುತ್ತಾರೆ. ಅಂಥದ್ದು ನರಗುಂದದ ಹತ್ತಿ ವ್ಯಾಪಾರಿಯೊಬ್ಬರ ಮನೆಯಲ್ಲಿದೆ ಎಂದು ತಿಳಿದು ಫೋನು ಮಾಡಿದೆ.

"ನಿಮ್ಮಲ್ಲೆ ಒಂದು ಹಳೇ ಕುದುರಿ ಐತಂತ ಕೇಳೀವ್ರಿ. ನಮಗ ಎಡಗಡೀದ ಬೇಕಾಗೇತಿ."

ಆ ಕಡೆಯಿಂದ ವ್ಯಾಪಾರಿಯ ದನಿ ಬಂತು. "ಕುದುರ್ಯಾಗ ಎಡಗಡೀದು ಬಲಗಡೀದು ಇರ್ತಾವೇನ್ರಿ ಅಕ್ಕಾರ? ನಾವು ಟಾಂಗಾ ಮಾರಿ ಭಾಳ ದಿನಾತ್ರಿ."

ಕಾಕಾ ನಗುತ್ತ ಫೋನು ಕಸಿದುಕೊಂಡರು. ಮರುದಿನ ಬಸ್ಸು ಹತ್ತಿದೆವು. ನರಗುಂದದ ಗುಡ್ಡದ ಬುಡದಲ್ಲಿ ಮನೆ. ತಂದೆಯ ಬಂದೂಕನ್ನು ಕಾಯ್ದೆಯಂತೆ ನಳಿಗೆ ಕೊರೆಸಿ, ಕೆಲಸಕ್ಕೆ ಬಾರದ ಹಾಗೆ ಮಾಡಿಸಿ, ನೆನಪಿಗೆಂದು ಗೋಡೆಗೆ ಹಾಕಿಕೊಂಡಿದ್ದರು. ಅದರ ಎಡಗಡೆಯ ಕುದುರೆ ನಮ್ಮಲ್ಲಿ ಉಳಿದಿದ್ದ ಬಲಗಡೆಯದರ ಅಣ್ಣನಂತಿತ್ತು. ವ್ಯಾಪಾರಿ ಅದನ್ನು ಮಾರುವುದಿಲ್ಲ ಎಂದರು. ಕಾಕಾನ ಮುಖ ಸಣ್ಣದಾಯಿತು.

"ಮಾರೂದಿಲ್ಲ ಅಂದೆ. ಕೊಡೂದಿಲ್ಲ ಅನ್ಲಿಲ್ಲ," ಎಂದು ಅವರು ತಾವೇ ಕುರ್ಚಿ ಹತ್ತಿ ಇಳಿಸಿಕೊಟ್ಟರು. "ಒಯ್ರಿ. ಆದ್ರ ಅದು ಮತ್ತ ಬಡಿಯೂವಾಗ ನನಗ ಫೋನಿನ್ಯಾಗ ಸಪ್ಪಳ ಕೇಳಸ್ರಿ."

ಕೇಳಿಸಿದೆವು. ರೋಣದ ಹೊರಗಿನ ಪಾಳು ಹೊಲದಲ್ಲಿ ಬಂದೂಕನ್ನು ಹಳೆಯ ಟೈರಿಗೆ ಬಿಗಿದು, ದೂರದಿಂದ ಹಗ್ಗ ಎಳೆದು ಎರಡೂ ನಳಿಗೆ ಹೊಡೆದು ನೋಡಿದ ದಿನ ನಾನು ಫೋನು ಎತ್ತಿ ಹಿಡಿದಿದ್ದೆ. ಆ ಕಡೆಯಿಂದ, "ಹೌದು ಹೌದು, ನಮ್ಮಪ್ಪಂದ ಇದು" ಎಂದು ಅಳುವ ದನಿ ಬಂತು. ಕುದುರೆಗೂ ಸದ್ದಿಗೂ ಸಂಬಂಧವಿಲ್ಲ ಎಂದು ಹೇಳುವ ಮನಸ್ಸು ನಮ್ಮಿಬ್ಬರಿಗೂ ಆಗಲಿಲ್ಲ.

ಇನ್ನೊಂದು ಕೊರತೆ ಎಂದರೆ ನಳಿಗೆಯ ಕೆಳಗೆ ಎಡಗೈ ಹಿಡಿಯುವ ಮರ. ಹುಳ ತಿಂದು ಪುಡಿಯಾಗಿತ್ತು. ಹೊಸ ಮರ ಒಣಗಿದ ಮೇಲೆ ಸೊಟ್ಟಾಗುತ್ತದೆ, ಹಳೆಯ ಮರವೇ ಬೇಕು. ಗಜೇಂದ್ರಗಡದ ಮನೆಯಲ್ಲಿ ಅಪ್ಪನ ಮಗ್ಗ ಬಿಚ್ಚಿಟ್ಟಿದ್ದೆವು. ಅದರ ಬೀಟೆಯ ಒಂದು ತುಂಡು ತಂದುಕೊಟ್ಟೆ. ಅಪ್ಪನ ಕೈ ತಿಕ್ಕಿ ತಿಕ್ಕಿ ಅದು ಕಲ್ಲಿನಂತಾಗಿತ್ತು. ಕಾಕಾ ಅದನ್ನು ಕೆತ್ತುವಾಗ ಉಳಿ ಎರಡು ಸಲ ಮೊಂಡಾಯಿತು. "ನಿಮ್ಮಪ್ಪ ಸೀರಿ ನೇದಾನೋ, ಕಬ್ಬಿಣ ನೇದಾನೋ" ಎಂದು ಗೊಣಗಿ, ಅದನ್ನು ಬೇಕಾದುದಕ್ಕಿಂತ ಸ್ವಲ್ಪ ದಪ್ಪವಾಗಿಯೇ ಬಿಟ್ಟರು.

ಬಂದೂಕು ತಯಾರಾಯಿತೆಂದು ತಿಳಿದು ಸಂಗನಗೌಡರು, ಅವರ ಹೆಂಡತಿ ನೀಲವ್ವ ಗೌಡಸಾನಿ ಸಂತೆಗೆ ಬಂದವರು ಅಂಗಡಿಗೂ ಬಂದರು. ಗೌಡಸಾನಿ ಎಂದರೆ ಗಟ್ಟಿ ದನಿಯ, ದೊಡ್ಡ ಕುಂಕುಮದ ಹೆಂಗಸು. ಬಂದೂಕನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಕೇಳಿದರು:

"ಅಲ್ಲೋ ಮಿಸ್ತ್ರಿ, ಒಂದ ಸಾಲದನ, ಎರಡ ನಳಗಿ ಯಾಕ?"

ಎರಡರ ಗುಣ ಬೇರೆ. ಬಲನಳಿಗೆಯ ಬಾಯಿ ಅಗಲ, ಛರೆ, ಅಂದರೆ ತೋಟಾದೊಳಗಿನ ಸೀಸದ ಕಾಳು, ಹರಡುತ್ತದೆ, ಹತ್ತಿರದ ಗುರಿಗೆ. ಎಡದ್ದರ ತುದಿ ಬಿಗಿ, ಛರೆ ಕೂಡಿ ಹೋಗುತ್ತದೆ, ದೂರದ ಗುರಿಗೆ. ಇದನ್ನು ಹೀಗೆಯೇ ಹೇಳಿದ್ದರೆ ಆಗುತ್ತಿತ್ತು. ಆದರೆ ಗಿರಾಕಿಯನ್ನು ನಗಿಸದೆ ಕಳಿಸಿದ್ದು ಕಾಕಾನ ಚರಿತ್ರೆಯಲ್ಲೇ ಇಲ್ಲ.

"ಇದು ಗಂಡ ಹೆಂಡ್ತಿ ಜೋಡಿ ಐತ್ರಿ ಅವ್ವಾರ. ಬಲದಾವ ಗಂಡ, ಬಾಯಿ ಸಡ್ಲ, ಕಂಡಲ್ಲೆಲ್ಲ ಚೆಲ್ಲತಾನ. ಎಡದಾಕಿ ಹೆಂಡ್ತಿ, ಬಾಯಿ ಬಿಗಿ. ಮಾತಾಡಿದ್ರ ಮಾತ್ರ ಗುರಿಗೆ ಮುಟ್ಟತೈತಿ."

ಗೌಡಸಾನಿ ಗಂಡನ ಕಡೆ ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಗೌಡರೂ ನಕ್ಕರು. "ಹಂಗಾದ್ರ ವರ್ಸದ ಮ್ಯಾಲಾತು ಸೊಸಿ ಮನೀ ಬಿಟ್ಟು. ಖಂಡೇಪೂಜಿಗೆ ಕರಕೊಂಡ ಬರ್ರಿ" ಎಂದರು ಗೌಡಸಾನಿ, ಎಡನಳಿಗೆಯನ್ನು ಸವರುತ್ತ. ನಾವೆಲ್ಲ ಅದನ್ನು ಮಾತಿಗೆ ಮಾತೆಂದುಕೊಂಡೆವು.

ಇನ್ನು ಹೊಲಕ್ಕೆ ಮರಳುತ್ತೇನೆ.

ಕಾಕಾನ ಕೈಗೆ ಪಂಚೆ ಹರಿದು ಕಟ್ಟಿದವನು ಗೌಡರ ಆಳು. ಅವನ ಕೈ ನಡುಗಲಿಲ್ಲ. ಅವನಿಗೆ ನಾನು ಇಂದಿಗೂ ಋಣಿ. ಗೌಡರ ಗಾಡಿಯಲ್ಲಿ ಗಜೇಂದ್ರಗಡದ ದವಾಖಾನೆಗೆ, ಅಲ್ಲಿಂದ ಗದಗಕ್ಕೆ. ದಾರಿಯುದ್ದಕ್ಕೂ ಕಾಕಾ ಒಂದೇ ಕೇಳುತ್ತಿದ್ದರು: "ಗೆರಿ ದಾಟಿ ಯಾರೂ ಬಂದಿದ್ದಿಲ್ಲ ಹೌದಲ್ಲೋ?" ಯಾರೂ ಬಂದಿರಲಿಲ್ಲ. ನಕ್ಕವರೆಲ್ಲ ಗೆರೆಯ ಆಚೆಯೇ ನಿಂತು ಬದುಕಿದ್ದರು. ಸಂಜೆ ವೈದ್ಯರು ಹೊರಬಂದು, ಕಿರುಬೆರಳು ಹೋಯಿತು, ಉಂಗುರದ ಬೆರಳು ಮಡಚುವುದಿಲ್ಲ, ಅಂಗೈ ಉಳಿಯಿತು ಎಂದರು. ಅಂಗೈಯಿಂದ ತೆಗೆದ ಕಪ್ಪು ಮರದ ಸಿಬಿರುಗಳನ್ನು ತಟ್ಟೆಯಲ್ಲಿ ತೋರಿಸಿ, "ಈ ಮರ ಪೆಟ್ಟು ತಗೊಂಡಿದೆ. ತೆಳ್ಳಗಿದ್ದಿದ್ದರೆ ಕೈಯೇ ಇರುತ್ತಿರಲಿಲ್ಲ" ಎಂದರು. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ದವಾಖಾನೆಯ ಓಣಿಯಲ್ಲಿ ಗೋಡೆಗೆ ಮುಖಮಾಡಿ ಅವರಿಗೆ ಕೈಮುಗಿದೆ.

ಮರುದಿನ ಠಾಣೆಯ ಫೌಜದಾರರು ಪಂಚನಾಮೆಗೆ ಕರೆದರು. ಹೊಲದಲ್ಲಿ ಆರಿಸಿದ ಚೂರುಗಳನ್ನೆಲ್ಲ ಕಾಗದದ ಮೇಲೆ ಹರವಿದ್ದರು. ಎಡನಳಿಗೆ ನಡುವೆ ಬಾಳೆಯ ಸಿಪ್ಪೆಯಂತೆ ಸುಲಿದಿತ್ತು. ಅದರ ಸೀಳಿನಲ್ಲಿ ಅಂಗುಲದಷ್ಟು ಸುಟ್ಟ ಬಟ್ಟೆ.

"ನೋಡ್ರಿ, ನಿಮ್ಮ ಮಿಸ್ತ್ರಿ ಒರಸೂ ಅರಿವಿ ಒಳಗ ಬಿಟ್ಟಾನ," ಎಂದರು ಫೌಜದಾರರು. ದನಿಯಲ್ಲಿ ಕೆಟ್ಟತನವಿರಲಿಲ್ಲ. ನಳಿಗೆಯಲ್ಲಿ ಬಟ್ಟೆ ಸಿಕ್ಕರೆ ಯಾರಾದರೂ ಹೇಳುವ ಮಾತೇ ಅದು. ನಳಿಗೆಯೊಳಗೆ ಅಡ್ಡ ಏನಿದ್ದರೂ ಹಿಂದಿನ ಒತ್ತಡಕ್ಕೆ ಹೋಗಲು ದಾರಿಯಿಲ್ಲದೆ ಉಕ್ಕು ಹರಿಯುತ್ತದೆ.

ನಾನು ಬಟ್ಟೆಯನ್ನು ನೋಡಿದೆ. ನಾವು ಒರೆಸುತ್ತಿದ್ದುದು ಹಳೆಯ ಧೋತರದ ತುಂಡಿನಿಂದ. ಇದರ ಅಂಚಿನಲ್ಲಿ ಸುಡದೆ ಉಳಿದ ನಾಲ್ಕೆಳೆ ರೇಶಿಮೆ ಇತ್ತು, ಕೆಂಪು ದಡಿ. ಮಗ್ಗದ ಮನೆಯವಳಿಗೆ ಕುಪ್ಪಸದ ಖಣ ಗೊತ್ತಾಗಲು ಅಷ್ಟು ಸಾಕು. ಖಣ, ಕೊಬ್ಬರಿಯ ವಾಸನೆ, ಸೀಳಿನ ಒಳಮೈಗೆ ಅಂಟಿದ ಅರಿಷಿಣದ ಕಲೆ. ಯಾರೋ ಬಂದೂಕಿಗೆ ಉಡಿ ತುಂಬಿದ್ದರು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆಗೆ ಬಂದ ಹೆಣ್ಣುಮಗಳ ಸೆರಗಿಗೆ ಖಣ, ಅಕ್ಕಿ, ಅರಿಷಿಣ ಕೊಂಬು, ಅಡಿಕೆ, ಕೊಬ್ಬರಿ ಹಾಕಿ ಕಳಿಸುವುದು. ಬಂದೂಕಿಗೆ ಸೆರಗಿಲ್ಲ. ಬಾಯಿ ಇತ್ತು. ಎಡನಳಿಗೆ ಹೆಂಡತಿ ಎಂದು ಕಾಕಾನೇ ಹೇಳಿಕೊಟ್ಟಿದ್ದರು. ನಾವು ಚಹಾ ಕುಡಿಯುತ್ತಿದ್ದಾಗ ಗೌಡಸಾನಿ ಎಲ್ಲದರ ಒಂದೊಂದು ಚೂರನ್ನು ಖಣದ ಹರಿದ ತುದಿಯಲ್ಲಿ ಪುಟ್ಟ ಗಂಟು ಕಟ್ಟಿ, ಬಿಗಿಯಾದ ಬಾಯಿ ದಾಟಿಸಿ ಒಳಗೆ ತುಂಬಿದ್ದರು.

ಗದಗಕ್ಕೆ ಓಡಿ ಕಾಕಾನಿಗೆ ಹೇಳಿದೆ. ಅವರು ಬಹಳ ಹೊತ್ತು ಫ್ಯಾನಿನ ಕಡೆ ನೋಡುತ್ತಿದ್ದರು. ಅಲ್ಲಿ ನೋಡಲು ಬಸ್ಸುಗಳಿರಲಿಲ್ಲ.

"ಯಾರ ಮುಂದೂ ಹೇಳಬ್ಯಾಡ."

"ಕಾಕಾ, ಲೈಸನ್ಸ ಹೋಗತೈತಿ. ಅರಿವಿ ಮರತ ಮಿಸ್ತ್ರಿ ಅಂತ ಊರ ತುಂಬ ಆಗೇತಿ."

"ಆಗವಲ್ದ್ಯಾಕ. ಗಂಡ ಹೆಂಡ್ತಿ ಅಂತ ಚಾಷ್ಟಿ ಮಾಡಿದಾಂವ ನಾನ. ಚಹಾ ಕುಡದ ಮ್ಯಾಲ ಮತ್ತೊಮ್ಮೆ ನಳಗಿ ನೋಡದ ಬಿಟ್ಟಾಂವನೂ ನಾನ. ಆ ಹೆಣ್ಮಗಳು ಪ್ರೀತೀಲೆ ಮಾಡ್ಯಾಳವ್ವಾ. ತನ್ನ ಕೈಲೇ ಒಬ್ಬರ ಕೈ ಹೋತು ಅಂತ ತಿಳದ್ರ ಅಕಿ ಮತ್ತ ಯಾರ ಉಡೀನೂ ತುಂಬೂದಿಲ್ಲ."

ಮಾತು ಕೊಟ್ಟೆ. ಕೊಟ್ಟ ಮೇಲೆ ನಿದ್ದೆ ಬಿಟ್ಟುಹೋಯಿತು. ಪ್ರತಿ ರಾತ್ರಿ ಕಣ್ಣು ಮುಚ್ಚಿದೊಡನೆ ಬಲನಳಿಗೆ ಹಾರುತ್ತಿತ್ತು, ಚೆನ್ನಾಗಿ, ದುಂಡಗೆ. ಆಮೇಲೆ ಎಡದ್ದಕ್ಕೆ ಕಾಯುತ್ತ ಎದ್ದು ಕೂರುತ್ತಿದ್ದೆ. ಅವ್ವ ನನ್ನ ತಲೆದೆಸೆಗೆ ತಂಬಿಗೆ ತುಂಬ ನೀರಿಡತೊಡಗಿದಳು. ಎದ್ದೆದ್ದು ಕುಡಿದು ಬೆಳಗಾಗುವುದರೊಳಗೆ ಅದು ಖಾಲಿಯಾಗಿರುತ್ತಿತ್ತು. ಅಂಗಡಿಯ ಬಾಗಿಲಿಗೆ ಬೀಗ ಬಿತ್ತು. ವಿಚಾರಣೆ ಮುಗಿಯುವ ತನಕ ಲೈಸನ್ಸು ಅಮಾನತು. ಅಸೂಟಿಯ ರೈತನೊಬ್ಬ ದುರಸ್ತಿಗೆ ಕೊಟ್ಟಿದ್ದ ಬಂದೂಕನ್ನು ವಾಪಸು ಕೇಳಲು ಬಂದು, ಬೀಗ ನೋಡಿ, "ಇರ್ಲಿ ಬಿಡ್ರಿ, ಮಿಸ್ತ್ರಿ ಬರೂತನಾ ಕಾಯ್ತೀನಿ" ಎಂದು ಹೋದ. ಆ ಒಂದು ಮಾತಿನ ಮೇಲೆ ಅನೇಕ ದಿನ ಬದುಕಿದೆ.

ಕಾಕಾ ರೋಣದ ಮನೆಗೆ ಬಂದ ಮೇಲೆ ಗೌಡರು, ಗೌಡಸಾನಿ ನೋಡಲು ಬಂದರು. ಶೇಂಗಾದುಂಡಿ, ಸಜ್ಜೆ ರೊಟ್ಟಿ, ಎಳ್ಳು ಹಚ್ಚಿದ್ದು, ಬುಟ್ಟಿ ತುಂಬಿತ್ತು. ನಾನೂ ಅಲ್ಲಿದ್ದೆ. ಗೌಡರು ನೆಲ ನೋಡುತ್ತ ಕೂತರು. ಗೌಡಸಾನಿ ಕಾಕಾನ ಬ್ಯಾಂಡೇಜಿನ ಕೈಯನ್ನು ತಮ್ಮ ಎರಡು ಕೈಯಲ್ಲಿ ಹಿಡಿದು ಅತ್ತರು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ತಗ್ಗಿದ ದನಿಯಲ್ಲಿ ಕೇಳಿದರು:

"ಮಿಸ್ತ್ರಿ, ಒಂದ ಮಾತು ಆವತ್ತಿಂದ ಕೊರಿಯಾಕ ಹತ್ತೇತಿ. ಹೊಡಿಯೂಕಿಂತ ಮೊದಲ ಉಡಿ ತಗದ ಇಟ್ಟಿರೋ ಇಲ್ಲೋ? ಉಡಿ ಅಕ್ಕಿ ನೆಲಕ್ಕ ಬಿದ್ರ ಚಲೋ ಅಲ್ಲಪಾ. ಅದಕ್ಕ ಹಿಂಗ ಆತೇನೋ ಅಂತ."

ಗೌಡರು ತಲೆ ಎತ್ತಿದರು. "ಯಾವ ಉಡಿ?"

"ಸೊಸೀಗೆ ತುಂಬಿದ್ದು. ಎಡಕಿನ ನಳಗ್ಯಾಗ. ಹೊಸ್ತಿಲ ದಾಟೂವಾಗ ಮಿಸ್ತ್ರಿ ತಗೋತಾನ ಅಂದಕೊಂಡಿದ್ದೆ."

ಗೌಡರಿಗೆ ತಿಳಿಯಿತು. "ಏಯ್, ಸುಮ್ನಿರ. ಈ ಮಾತು ಇಲ್ಲಿಗೇ ಬಿಡು."

ಕಾಕಾ ಧಡಕ್ಕನೆ, "ಅದರಿಂದ ಅಲ್ರಿ ಅವ್ವಾರ. ಅದು ಅರಿವಿ. ನಾನ ಮರತಿದ್ದೆ" ಎಂದರು.

ಗೌಡಸಾನಿ ಗಂಡನನ್ನು ನೋಡಿದರು, ಕಾಕಾನನ್ನು ನೋಡಿದರು, ಆಮೇಲೆ ನನ್ನನ್ನು. ನಾನು ಮಾತು ಕೊಟ್ಟಿದ್ದೆ, ಬಾಯಿ ಬಿಡಲಿಲ್ಲ. ಆದರೆ ಕಣ್ಣಿನ ಮೇಲೆ ಯಾರೂ ಆಣೆ ಹಾಕಿಸಿಕೊಂಡಿರಲಿಲ್ಲ. ಗೌಡಸಾನಿ ನನ್ನ ಮುಖವನ್ನು ಬಹಳ ಹೊತ್ತು ಓದಿದರು. ಆಮೇಲೆ ಕಾಕಾನ ಕೈಯನ್ನು ಮೆಲ್ಲಗೆ, ಕೂಸನ್ನು ಮಲಗಿಸಿದ ಹಾಗೆ, ಹಾಸಿಗೆಯ ಮೇಲಿಟ್ಟು ಎದ್ದು ನಿಂತರು.

"ಗಾಡಿ ಠಾಣೇಕ ತಿರುವ್ರಿ."

"ಮರ್ಯಾದಿ ಏನಾಗಬೇಕು?" ಎಂದರು ಗೌಡರು.

"ಯಾರ ಮರ್ಯಾದಿ? ಅಂವಂದು ಹೋಗಿ ತಿಂಗಳಾಗೂದ ಬಂತು."

ನಾನೂ ಗಾಡಿ ಹತ್ತಿದೆ. ಠಾಣೆಯಲ್ಲಿ ಫೌಜದಾರರಿಗೆ ಮೊದಲು ಏನೂ ಅರ್ಥವಾಗಲಿಲ್ಲ. "ಅಮ್ಮಾರ, ಬಂದೂಕಿಗೆ ಉಡಿ ತುಂಬಿದ್ರಿ?"

"ಹೌದ್ರಿ. ನಿಮ್ಮ ಜೀಪಿಗೆ ನೀವು ಕುಂಬಳಕಾಯಿ ಒಡದಿಲ್ಲೇನು? ಅದು ತಿಂತೈತೇನು?"

ಮೂಲೆಯಲ್ಲಿದ್ದ ಪೇದೆ ನಕ್ಕು, ಬೈಸಿಕೊಂಡ. ಗೌಡಸಾನಿ ಖಣದ ಉಳಿದ ತುಂಡನ್ನು ಮನೆಯಿಂದ ತರಿಸಿದರು. ದಡಿಗೆ ದಡಿ ಕೂಡಿತು. ಫೌಜದಾರರು ಗೌಡರನ್ನು, "ನಿಮಗೇನಾದ್ರೂ ಹೇಳೂದೈತೇನ್ರಿ?" ಎಂದು ಕೇಳಿದರು. ಗೌಡರು ಹೆಂಡತಿಯ ಕಡೆ ನೋಡಿದರು.

"ಬಲದಾವ ಮಾತಾಡೂದಿಲ್ಲ ಇವತ್ತು," ಎಂದರು ಗೌಡಸಾನಿ. "ಎಡದಾಕೀನ ಬರಕೋರಿ."

ಇದನ್ನು ಕೇಳಿ ಹೊರಗೆ ಬಂದು ಬೇವಿನ ಗಿಡದ ಕೆಳಗೆ ಕೂತು ನಕ್ಕೆ. ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ಆಮೇಲೆ ಗೌಡಸಾನಿ ಕುಗ್ಗಲಿಲ್ಲ, ಮುರಿಯಲಿಲ್ಲ. ಆ ರಾತ್ರಿ ಊಟ ಬಿಟ್ಟರಂತೆ, ಮರುದಿನ ಬೆಳಿಗ್ಗೆ ಎಂದಿನಂತೆ ಆಳುಗಳಿಗೆ ರೊಟ್ಟಿ ಬಡಿದರಂತೆ. ಕಾಕಾ ಅವರ ಬಗ್ಗೆ ಹೆದರಿದ್ದು ತಪ್ಪಾಗಿತ್ತು. ಆದರೆ ಹಾಗೆ ಹೆದರಿದ ಮನುಷ್ಯನ ಕೈಕೆಳಗೆ ಕೆಲಸ ಕಲಿತೆನಲ್ಲ ಎಂದು ನನಗೆ ಇಂದಿಗೂ ಸಂತೋಷ.

ಸ್ವಲ್ಪ ದಿನಕ್ಕೆ ಲೈಸನ್ಸು ಮರಳಿತು. ಗೌಡರ ಬಂದೂಕು ಮರಳಲಿಲ್ಲ; ಅದನ್ನು ಸರ್ಕಾರಕ್ಕೆ ಒಪ್ಪಿಸಿದರು. ಅಂಗಡಿಯ ಬೀಗ ತೆಗೆದ ದಿನ ಕಾಕಾ ಬೆಂಚಿನ ಮೇಲೆ ಅಸೂಟಿಯ ರೈತನ ಬಂದೂಕನ್ನು ಇಟ್ಟುಕೊಂಡು, ಎಡಗೈಯಲ್ಲಿ ಹಿಡಿಯಲು ನೋಡಿದರು. ಉಳಿದ ಬೆರಳುಗಳು ಮರವನ್ನು ಸುತ್ತಲಿಲ್ಲ. ಎರಡು ಸಲ ನೋಡಿ ನನ್ನ ಕಡೆ ತಳ್ಳಿದರು.

"ಇನ್ನ ಮೊದಲನೇ ಬಾರು ನಿಂದು."

"ನನ್ನಿಂದ ಆಗೂದಿಲ್ಲ ಕಾಕಾ."

"ನನ್ನಿಂದನೂ ಆಗೂದಿಲ್ಲ. ಮತ್ತ ಯಾರಿಂದ ಆಗತೈತಿ, ಬಸ್ ಸ್ಟ್ಯಾಂಡಿನ್ಯಾಗ ಕೇಳಿ ಬರ್ಲೇನು?"

ದುರಸ್ತಿಗೆ ವಾರ ಹಿಡಿಯಿತು. ಟೈರಿಗೆ ಕಟ್ಟಿ ಹೊಡೆದು ನೋಡಿದೆವು, ಸರಿಯಾಗಿತ್ತು. ಹೆಗಲಿಗೆ ಹಚ್ಚುವ ದಿನ ಪಾಳು ಹೊಲಕ್ಕೆ ಹೋದಾಗ ಅಲ್ಲಿ ಗೌಡರ ಗಾಡಿ ನಿಂತಿತ್ತು. ಗೌಡಸಾನಿ ಕಾಕಾ ಎಳೆದ ಗೆರೆಯ ಆಚೆ, ಗಂಡನ ಎಡಕ್ಕೆ, ಸೆರಗು ಬಿಗಿದು ನಿಂತರು. ಯಾರೂ ನಗಲಿಲ್ಲ.

ಬಂದೂಕು ಎತ್ತಿಕೊಂಡೆ. ಹಿಂದಿನಿಂದ ಕಾಕಾ ಎಂದರು: "ಉಡಿ ನೋಡು."

ಬಂದೂಕು ಮುರಿದು ಕಣ್ಣಿಗೆ ಹಿಡಿದೆ. ಬಲನಳಿಗೆಯ ತುದಿಯಲ್ಲಿ ದುಂಡನೆಯ ಆಕಾಶ. ಎಡನಳಿಗೆಯ ತುದಿಯಲ್ಲೂ ದುಂಡನೆಯ ಆಕಾಶ, ಅದಕ್ಕಿಂತ ಕೊಂಚ ಸಣ್ಣದು. ಕಣ್ಣು ತೆಗೆದ ಮೇಲೆ ಬಂದೂಕನ್ನು ಕೆಳಗಿಡಲಿಲ್ಲ, ಯಾರ ಕೈಗೂ ಕೊಡಲಿಲ್ಲ. ತೋಟಾ ಹಾಕಿ ಹೆಗಲಿಗೆ ಹಚ್ಚಿದೆ.

ಬಲ ಹಾರಿತು. ರಾತ್ರಿಗಳಲ್ಲಿ ಎದ್ದು ಕೂರುತ್ತಿದ್ದ ಜಾಗ ಅದೇ. ಎಡದ್ದರ ಟ್ರಿಗರ್ ಎಳೆದೆ. ಅದೂ ಹಾರಿತು. ಒಡ್ಡಿನ ಮಣ್ಣು ಕೆದರಿ, ಧೂಳು ಮೆಲ್ಲಗೆ ಇಳಿಯಿತು. ಅಷ್ಟೇ.

ಹೊಸಬರೇ, ಅಂಗಡಿಯಲ್ಲಿ ಬಂದೂಕಿಗೆ ತೋಟಾ ಹಾಕುವ ಮೊದಲು ಪಕ್ಕದವರು "ಉಡಿ ನೋಡಿದಿ?" ಎಂದು ಕೇಳುತ್ತಾರಲ್ಲ, ಆ ಮಾತು ಬಂದದ್ದು ಅಲ್ಲಿಂದ. ಬೇರೆ ಊರಿನ ಮಿಸ್ತ್ರಿಗಳು ಕೇಳಿ ನಗುತ್ತಾರೆ. ನಗಲಿ. ನೋಡಿದ ಮೇಲೆ ಬಂದೂಕು ಒಂದು ಕ್ಷಣ ಕೈಬಿಟ್ಟಿದ್ದರೂ, ಚಹಾಕ್ಕಿರಲಿ ದೇವರಿಗಿರಲಿ, ಮತ್ತೆ ನೋಡಿರಿ.

ಹೊಲದಿಂದ ಹೊರಡುವಾಗ ಗೌಡಸಾನಿ ನನ್ನನ್ನು ನಿಲ್ಲಿಸಿದರು. ಗಾಡಿಯಿಂದ ತಟ್ಟೆ ಬಂತು. ಹಸಿರು ಖಣ, ಅಕ್ಕಿ, ಅರಿಷಿಣ ಕೊಂಬು, ಅಡಿಕೆ, ಕೊಬ್ಬರಿ. ಒಂದು ಕಾಳೂ ಚೆಲ್ಲಲಿಲ್ಲ.

"ಸೆರಗ ಒಡ್ಡು ಮಗಳ. ಈ ಸಲ ಸರಿಯಾದಾಕೀಗೆ ತುಂಬ್ತೀನಿ."

ಕಾಕಾ ಆ ಕಡೆ ತಿರುಗಿ ರಸ್ತೆಯಲ್ಲಿ ಹೋಗುವ ಗದಗ ಬಸ್ಸನ್ನು ನೋಡುತ್ತ ನಿಂತರು.

ಸಂಜೆ ಅವ್ವ ಆ ಉಡಿ ಅಕ್ಕಿಯ ಅನ್ನ ಮಾಡಿದಳು. ಇಬ್ಬರೂ ಉಂಡೆವು, ಅಗುಳು ಬಿಡದೆ. ಅವ್ವ ಎಂದಿನಂತೆ ತಲೆದೆಸೆಗೆ ತಂಬಿಗೆ ಇಟ್ಟು ದೀಪ ಆರಿಸಿದಳು. ಆಮೇಲೆ ನನಗೆ ಗೊತ್ತಾದದ್ದು ಹಾಲಿನವನು ಬಾಗಿಲು ಬಡಿದದ್ದು. ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಅವ್ವ ಬಾಗಿಲಲ್ಲಿ ನಿಂತು ನನ್ನನ್ನಲ್ಲ, ತಂಬಿಗೆಯನ್ನು ನೋಡುತ್ತಿದ್ದಳು. ಅದು ಕಂಠದವರೆಗೆ ತುಂಬಿಯೇ ಇತ್ತು.